ಅಪ್ಪನ ದನಿಗೆ ಬರೆದ ಗುಳಿಗೆ

ವಿಶ್ವಜಿತ್‌ನ ಗಂಟಲಲ್ಲಿ ಅರ್ಧ ಹೈದರಾಬಾದು ಬಾಡಿಗೆಗಿತ್ತು. ಕುಕ್ಕರಿನ ಸೀಟಿ, ದಿಲ್‌ಸುಖ್‌ನಗರದ ಬಸ್‌ಸ್ಟಾಪಿನಲ್ಲಿ 'ಕೋಠಿ ಕೋಠಿ ಕೋಠಿ' ಎಂದು ಒದರುವ ಆಟೋದವನು, ಮೆಟ್ರೋದ ಬಾಗಿಲನ್ನು ಮೂರು ಭಾಷೆಯಲ್ಲಿ ಕಾಯುವ ಹೆಂಗಸು, ಬೇಗಂ ಬಜಾರಿನಲ್ಲಿ ಚೌಕಾಶಿ ಶುರುವಾಗುವ ಮೊದಲೇ ನೊಂದುಕೊಳ್ಳುವ ಸೇಠ್‌ಜಿ, ಯಾರನ್ನು ಕರೆದರೂ ಹೊರಗೆ ಬರುತ್ತಿದ್ದರು. ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಅವನಿಗೆ ಕೆಲಸ ಸಿಕ್ಕಿದ್ದೂ ಆ ಗಂಟಲಿನಿಂದಲೇ. ತಡವಾದ ವಿಮಾನವನ್ನು ಪ್ರಯಾಣಿಕರು ಕ್ಷಮಿಸುವಂಥ ದನಿಯಲ್ಲಿ ಘೋಷಿಸುವುದು ಅವನ ಕಸುಬು. ವಿಮಾನ ಅವರದು, ಹಾರಿಸುವುದು ಮಾತ್ರ ನಾನು ಎಂದು ಗೆಳೆಯರ ಮುಂದೆ ಹಾರಿಸುತ್ತಿದ್ದ.

ಆದರೆ ಅವನ ಬಾಯಿಗುಣ ನಿಜವಾಗಿ ಅರಳುತ್ತಿದ್ದುದು ಅಪ್ಪನ ದನಿಯಲ್ಲಿ. ಅಪ್ಪ ಮಲ್ಲಿಕಾರ್ಜುನ ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು. ಅವರ ತಂದೆ ಕಾರಕೂನಿಕೆಗೆಂದು ಲಿಂಗಸುಗೂರಿನಿಂದ ಹೈದರಾಬಾದಿಗೆ ಬಂದಿದ್ದರು. ಇಷ್ಟು ವರ್ಷಗಳಾದರೂ ಆ ಮನೆಯ ಹೊಸ್ತಿಲ ಹೊರಗೆ ತೆಲುಗು, ಹಿಂದಿ. ಒಳಗೆ ಕಾಲಿಟ್ಟರೆ ಲಿಂಗಸುಗೂರು. ಮಲ್ಲಿಕಾರ್ಜುನರು ಮಾತಾಡುವ ಮೊದಲು ಕೆಮ್ಮುತ್ತಿದ್ದರು, ಹಳೆಯ ಸ್ಕೂಟರಿಗೆ ಎರಡು ಸಲ ಕಿಕ್ ಹೊಡೆದ ಹಾಗೆ. ಆಮೇಲೆ 'ಹಾಂ, ಹೇಳ್ರಿ' ಎನ್ನುತ್ತಿದ್ದರು. ಆಮೇಲೆ ಮಾತು ಕಂತಿನ ಮೇಲೆ ಬರುತ್ತಿತ್ತು. ವಿಶ್ವಜಿತ್ ಆ ಕೆಮ್ಮು, ಆ ಹಾಂ, ಆ ಕಂತು ಮೂರನ್ನೂ ಎಷ್ಟು ಚೆನ್ನಾಗಿ ಎತ್ತಿಕೊಂಡಿದ್ದನೆಂದರೆ, ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಚಹಾ ಕೇಳಿದರೆ ತಾಯಿ ಅಂಬುಬಾಯಿ ತಿರುಗಿ ನೋಡದೆ ಸಕ್ಕರೆ ಕಡಿಮೆ ಹಾಕುತ್ತಿದ್ದರು. ಈ ವಿದ್ಯೆ ತಮ್ಮ ತೌರಿನಿಂದ ಬಂದದ್ದೆಂದು ಅವರ ವಾದ. ಮಲ್ಲಿಕಾರ್ಜುನರು ಯಾರ ದನಿಯನ್ನಾದರೂ ಮಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲವಾದ್ದರಿಂದ ಆ ವಾದಕ್ಕೆ ಎದುರುವಾದವೂ ಇರಲಿಲ್ಲ.

ಇಂಥ ನಗೆಮನೆಯಲ್ಲಿ ನಗಲಾಗದ ವಿಷಯ ಒಂದೇ ಇತ್ತು, ಮಲ್ಲಿಕಾರ್ಜುನರ ಕಲ್ಲು. ಅದಕ್ಕೆ 'ಮೂತ್ರಪಿಂಡದ ಕಲ್ಲು' ಎನ್ನುವ ಹಾಗಿರಲಿಲ್ಲ. ಗಂಡ ಎದುರಿಗೆ ಕೂತು ರೊಟ್ಟಿ ತಿನ್ನುವಾಗ ಪಿಂಡದ ಮಾತೇಕೆ ಎಂದು ಅಂಬುಬಾಯಿ ಆ ಪದವನ್ನು ಮನೆಯಿಂದಲೇ ಓಡಿಸಿದ್ದರು. ಹಾಗಾಗಿ ಎಲ್ಲರೂ ಕಿಡ್ನಿ ಎನ್ನುತ್ತಿದ್ದರು. ಮಲ್ಲಿಕಾರ್ಜುನರ ಎಡಗಡೆಯ ಕಿಡ್ನಿ ಹುಟ್ಟಿನಿಂದಲೇ ಸಣ್ಣದು, ಹಾಜರಿ ಹಾಕಿ ಕೆಲಸ ಮಾಡದ ನೌಕರನಂಥದು. ದುಡಿಮೆಯೆಲ್ಲ ಬಲಗಡೆಯದರ ಮೇಲೆ. ಹಿಂದೊಮ್ಮೆ ಕಲ್ಲು ಹೋಗಿ ಕೂತಿದ್ದು ಆ ಬಲಗಡೆಯದರ ದಾರಿಯಲ್ಲೇ. ಮೂತ್ರ ನಿಂತು, ಮುಖ ಬಾತು, ಆಸ್ಪತ್ರೆಗೆ ಓಡಿ, ಒಳಗೆ ನಳಿಕೆ ಹಾಕಿಸಿಕೊಂಡು ಬಂದಿದ್ದರು. ಇನ್ನೊಮ್ಮೆ ಹೀಗೆ ಮುಚ್ಚಿದರೆ ಡಯಾಲಿಸಿಸ್ ತಪ್ಪಿಸಲು ಆಗಲಿಕ್ಕಿಲ್ಲ ಎಂದು ಆಗಿನ ಡಾಕ್ಟರು ವಿಶ್ವಜಿತ್‌ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಆ ಮಾತನ್ನು ಮಾತ್ರ ಅವನು ಯಾರ ದನಿಯಲ್ಲೂ ಮನೆಯಲ್ಲಿ ಹೇಳಿರಲಿಲ್ಲ.

ಮಲ್ಲಿಕಾರ್ಜುನರಿಗೆ ನೆನಪಿದ್ದುದು ಬೇರೆ. ಬೆನ್ನ ಹಿಂದೆ ನಾಡಿಗೇ ಬಾಗಿಲು ತೆರೆದ ಆ ಆಸ್ಪತ್ರೆಯ ನಿಲುವಂಗಿ. ಅದನ್ನು ತೊಟ್ಟು ಲಿಫ್ಟಿಗೆ ಕಾಯುವಾಗ ಇಲಾಖೆಯ ಹಳೆಯ ಕಿರಿಯ ನೌಕರನೊಬ್ಬ ಹಿಂದಿನಿಂದ ಬಂದು ನಮಸ್ಕಾರ ಸರ್ ಎಂದಿದ್ದನಂತೆ. ಅವತ್ತೇ ಶಪಥವಾಯಿತು. ಡಾಕ್ಟರರ ಮುಖ ನೋಡುವುದಿಲ್ಲ, ಅವರ ಜೊತೆ ಮಾತೂ ಇಲ್ಲ. ಏನಿದ್ದರೂ ಮಗ ಮಾತಾಡಲಿ.

ಹಳೆಯ ಡಾಕ್ಟರು ಊರು ಬಿಟ್ಟರು. ಅವರ ಜಾಗಕ್ಕೆ ಬಂದವರು ಮೈಸೂರಿನ ಡಾಕ್ಟರ್ ಶ್ರೀವಿದ್ಯಾ. ಕನ್ನಡದವರೆಂದು ತಿಳಿದು ವಿಶ್ವಜಿತ್ ಫೋನಿನಲ್ಲೇ ಪರಿಚಯ ಮಾಡಿಕೊಂಡ, ಹಳೆಯ ಕಾಗದಗಳನ್ನೆಲ್ಲ ಕಳಿಸಿದ. ಅವರು ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನೆಲ್ಲ ಕೂಡಿಟ್ಟು ಪರೀಕ್ಷೆಗೆ ಕೊಡಲು ಹೇಳಿದರು. ಮನೆಯಲ್ಲೇ ಆಗುವ ಕೆಲಸವಾದ್ದರಿಂದ ಮಲ್ಲಿಕಾರ್ಜುನರು ಒಪ್ಪಿದರು. ಲ್ಯಾಬಿನವರು ಕೊಟ್ಟ ದೊಡ್ಡ ಕ್ಯಾನನ್ನು ಬಚ್ಚಲಲ್ಲಿಟ್ಟು, ಎಣ್ಣೆಯ ಡಬ್ಬಿಯೆಂದು ಯಾರೂ ಎತ್ತಿಕೊಂಡು ಹೋಗಬಾರದೆಂದು ಅಂಬುಬಾಯಿ ದಿನವಿಡೀ ಕಾವಲಿದ್ದರು. ಫಲಿತಾಂಶದಲ್ಲಿ ಆಕ್ಸಲೇಟ್ ಎಂಬುದು ಹೆಚ್ಚು ಬಂತು. ಅದೇ ಸುಣ್ಣದ ಅಂಶದ ಜೊತೆ ಸೇರಿ ಕಲ್ಲಾಗುವುದೆಂದು ಡಾಕ್ಟರ್ ವಿವರಿಸಿದರು. ಔಷಧ ಬರೆಯುವ ಮೊದಲು ಮಾತ್ರ ರೋಗಿಯ ಜೊತೆಗೇ ಮಾತಾಡಬೇಕು, ಸಂಜೆ ಫೋನ್ ಮಾಡುತ್ತೇನೆ ಎಂದರು.

ಸಂಜೆಗೆ ಆ ಮನೆಯಲ್ಲೊಂದು ಪದ್ಧತಿ ಇತ್ತು. ಮಲ್ಲಿಕಾರ್ಜುನರು ಬಾಲ್ಕನಿಯಲ್ಲಿ ಕೂತು ಚಂಚಿ ಬಿಚ್ಚುತ್ತಿದ್ದರು. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಜೇಬಿರುವ ಬಟ್ಟೆಯ ಚೀಲ ಅದು, ಅವರ ತಂದೆಯ ಕಾಲದ್ದು. ಬಾಯಲ್ಲಿ ಹುಣ್ಣಾದ ವರ್ಷ ಅಂಬುಬಾಯಿ ಹಟ ಹಿಡಿದು ಎಲೆ ಅಡಿಕೆ ಬಿಡಿಸಿದ್ದರು. ಅಡಿಕೆ ಹೋಯಿತು, ಚಂಚಿ ಹೋಗಲಿಲ್ಲ. ಕೊರೋನಾ ಕಾಲದಲ್ಲಿ ಊರಿಗೆ ಊರೇ ನುಂಗುತ್ತಿದ್ದ ಕಿತ್ತಳೆ ಬಣ್ಣದ, ಹುಳಿಸಿಹಿ, ಅಗಿಯುವ ವಿಟಮಿನ್ ಸಿ ಗುಳಿಗೆಗಳು ಆ ಜೇಬುಗಳಿಗೆ ಬಂದು ಸೇರಿದವು. ಕೊರೋನಾ ಹೋದರೂ ಅವು ಹೋಗಲಿಲ್ಲ. ಊಟಕ್ಕೊಂದು, ಚಹಾಕ್ಕೊಂದು, ಮನೆಗೆ ಬಂದವರಿಗೊಂದು, ಬಂದವರಿಗೆ ಬೇಸರವಾಗಬಾರದೆಂದು ಜೊತೆಗೆ ತಮಗೊಂದು. ತಾಂಬೂಲದ ಮರ್ಯಾದೆಯೆಲ್ಲ ಅದಕ್ಕೆ ಸಂದಿತ್ತು. ಅದನ್ನು ಆ ಮನೆಯಲ್ಲಿ ಯಾರೂ ಗುಳಿಗೆ ಎನ್ನುತ್ತಿರಲಿಲ್ಲ, 'ಆರೆಂಜ್' ಎನ್ನುತ್ತಿದ್ದರು.

ಅವತ್ತು ಮಗನಿಗೂ ಒಂದು ಆರೆಂಜ್ ಕೊಟ್ಟು, ತಾವೊಂದು ಬಾಯಿಗೆ ಹಾಕಿಕೊಂಡರು. ಅಷ್ಟರಲ್ಲಿ ಫೋನ್ ಬಂತು. ಡಾಕ್ಟರು ಎಂದೊಡನೆ ಮಲ್ಲಿಕಾರ್ಜುನರು ಕೈ ಎತ್ತಿ, ತಮ್ಮ ಶಪಥವನ್ನು ತೋರಿಸಿ, ಮುಖವನ್ನು ರಸ್ತೆಯ ಕಡೆ ತಿರುಗಿಸಿದರು. ವಿಶ್ವಜಿತ್ ಒಳಗೆ ಬಂದ. ತಂದೆಯವರಿಗೆ ಕೊಡುತ್ತೇನೆ ಮೇಡಂ ಎಂದ. ಎರಡು ಹೆಜ್ಜೆ ನಡೆದ ಸದ್ದು ಮಾಡಿದ. ದನಿ ಸ್ಪಷ್ಟವಾಗಿರಲೆಂದು ಬಾಯಲ್ಲಿದ್ದ ಆರೆಂಜನ್ನು ದವಡೆಯ ಮೂಲೆಗೆ ಸರಿಸಿದ. ಕಲಾವಿದನ ಶಿಸ್ತು ಅದು. ಸ್ಕೂಟರಿಗೆ ಎರಡು ಕಿಕ್.

"ಹಾಂ, ಹೇಳ್ರಿ. ಮಲ್ಲಿಕಾರ್ಜುನ ಮಾತಾಡಾಕತ್ತೀನಿ."

ಅಂಬುಬಾಯಿ ಸೆರಗನ್ನು ಬಾಯಿಗೆ ಒತ್ತಿ ಗೋಡೆ ಹಿಡಿದು ನಿಂತರು. ಡಾಕ್ಟರ್ ಒಂದೊಂದಾಗಿ ಕೇಳಿದರು, ವಿಶ್ವಜಿತ್ ಒಂದೊಂದಾಗಿ ಒಪ್ಪಿಸಿದ. ನೀರು ಕಡಿಮೆ ಕುಡಿಯುವುದು ನಿಜ. ಮೊಸರು ಎರಡು ಹೊತ್ತೂ ಬೇಕು. ಪುಂಡಿಪಲ್ಲೆ ಇದ್ದ ದಿನ ರೊಟ್ಟಿ ಒಂದು ಹೆಚ್ಚು. ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದಾಗ ಅವನು ಕ್ಷಣವೂ ತಡೆಯಲಿಲ್ಲ.

"ಬೀಪೀದ್ದೊಂದು ಬಿಟ್ರ ಏನೂ ಇಲ್ಲ ನೋಡ್ರಿ."

ಹೀಗೆಂದವನ ದವಡೆಯಲ್ಲಿ ಆರೆಂಜು ಮೆಲ್ಲಗೆ ಕರಗುತ್ತಿತ್ತು.

ಡಾಕ್ಟರ್ ವಿಟಮಿನ್ ಬಿ-ಆರು ಬರೆದರು. ದೇಹವೇ ತಯಾರಿಸುವ ಆಕ್ಸಲೇಟನ್ನು ಅದು ಕೆಲವರಲ್ಲಿ ತಗ್ಗಿಸುತ್ತದೆ, ಎಲ್ಲರಲ್ಲೂ ಅಲ್ಲ. ನೀರು ಮಾತ್ರ ಎಲ್ಲರಿಗೂ ಬೇಕು, ಮೊಸರು ಬಿಡಬೇಡಿ, ಪುಂಡಿಪಲ್ಲೆಯಂಥ ಹುಳಿಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚು, ಅದಕ್ಕೆ ಕೈ ಹಿಡಿತವಿರಲಿ ಎಂದರು. ಫೋನ್ ಇಟ್ಟ ಮೇಲೆ ಅಂಬುಬಾಯಿ ಕಣ್ಣೊರೆಸಿಕೊಂಡರು.

"ನಿಮ್ಮಪ್ಪಗಿಂತ ನೀನ ಛಲೋ ನಿಮ್ಮಪ್ಪ ಆಗಿದ್ದಿ ನೋಡು. ಅವರಾಗಿದ್ರ ಹಿಂಗ ಸಮಾಧಾನದಿಂದ ಹೇಳತಿದ್ದಿಲ್ಲ."

ಮಲ್ಲಿಕಾರ್ಜುನರು ಬಿ-ಆರನ್ನು ಸಂತೋಷದಿಂದಲೇ ಸ್ವೀಕರಿಸಿದರು. ವಿಟಮಿನ್ ಎಂದರೆ ಔಷಧವಲ್ಲ, ಶಕ್ತಿ. ಅದು ಎಷ್ಟಿದ್ದರೂ ಒಳ್ಳೆಯದೇ ಎಂಬುದು ಅವರ ತಿಳಿವಳಿಕೆ. ವಿದ್ಯುತ್ ಇಲಾಖೆಯಲ್ಲಿ ದುಡಿದವರಿಗೆ ಶಕ್ತಿ ಹೆಚ್ಚಾದರೂ ಫ್ಯೂಜ್ ಹೋಗುತ್ತದೆಂದು ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಬಿ ಆದ ಮೇಲೆ ಸಿ ಬರುವುದು ಕ್ರಮವಲ್ಲವೇ ಎಂದು, ಬಿ-ಆರು ನುಂಗಿದ ಮೇಲೆ ಇನ್ನೊಂದು ಆರೆಂಜನ್ನೂ ಅಗಿಯತೊಡಗಿದರು. ಮಗನನ್ನೂ ಕರೆದು ಕೂರಿಸಿಕೊಂಡು ಕೊಡುತ್ತಿದ್ದರು. ವಿಶ್ವಜಿತ್ ಅದನ್ನು ತಿನ್ನುತ್ತ ಅಪ್ಪನ ಕಿಡ್ನಿ ಉಳಿಸಿದ ಸಂತೋಷದಲ್ಲಿ ಇದ್ದ. ಕೆಲಸದಲ್ಲಿ ಗೆಳೆಯರಿಗೆ, ನಾನು ಬರೀ ದನಿಯಿಂದ ಕಲ್ಲು ಕರಗಿಸುವವ ಎಂದು ಹೇಳಿಕೊಂಡ.

ಕೆಲವು ತಿಂಗಳ ಮೇಲೆ ಮತ್ತೆ ಕ್ಯಾನು, ಮತ್ತೆ ಅಂಬುಬಾಯಿಯ ಕಾವಲು. ಫಲಿತಾಂಶ ಬಂತು. ಆಕ್ಸಲೇಟ್ ಇಳಿದಿರಲಿಲ್ಲ, ಏರಿತ್ತು.

ಡಾಕ್ಟರ್ ಶ್ರೀವಿದ್ಯಾ ಅವತ್ತೇ ಸಂಜೆ ಫೋನ್ ಮಾಡಿದರು. ವಿಶ್ವಜಿತ್ ಎರಡು ಹೆಜ್ಜೆ, ಎರಡು ಕಿಕ್ ಮುಗಿಸಿ ಅಪ್ಪನಾಗಿ ನಿಂತ. ಈ ಸಲ ಅವರ ಮಾತಿನಲ್ಲಿ ಆತಂಕವಿತ್ತು. ಇಷ್ಟು ಏರಲು ಕಾರಣ ಕಾಣುತ್ತಿಲ್ಲ; ಇದು ವಂಶದಲ್ಲಿ ಬರುವ ಅಪರೂಪದ ತೊಂದರೆಯೂ ಇರಬಹುದು; ಹಾಗಿದ್ದರೆ ನಿಮ್ಮ ಮಗನನ್ನೂ ಪರೀಕ್ಷಿಸಬೇಕಾಗುತ್ತದೆ. ಬಲಗಡೆಯ ಕಿಡ್ನಿಯನ್ನು ಹೀಗೇ ಬಿಡುವ ಹಾಗಿಲ್ಲ, ಬಿ-ಆರನ್ನು ಸಾಕಷ್ಟು ಹೆಚ್ಚಿಸಿ ನೋಡೋಣ ಎಂದುಕೊಂಡಿದ್ದೇನೆ.

"ಆದ್ರೆ ಅದು ಹೆಚ್ಚಾದ್ರೆ ನರಕ್ಕೆ ಪೆಟ್ಟು. ಅದಕ್ಕೆ ಸರಿಯಾಗಿ ಹೇಳ್ಬೇಕು ನೀವು. ಕೈಕಾಲು ಜುಮ್ ಅನ್ನುತ್ತಾ? ಪಾದದ ಕೆಳಗೆ ಹತ್ತಿ ಇಟ್ಟ ಹಾಗಿರುತ್ತಾ?"

ವಿಶ್ವಜಿತ್ ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ. ಸ್ಕೂಟರ್ ಶುರುವಾಗಲಿಲ್ಲ.

ಬಾಗಿಲಿನಾಚೆ ಬಾಲ್ಕನಿಯಲ್ಲಿ ಅಪ್ಪ ಕೂತಿದ್ದರು, ಒಂದು ಕಾಲನ್ನು ಸ್ಟೂಲಿನ ಮೇಲೆ ಚಾಚಿ. ಆ ಕಾಲು ಅವನಿಗೆ ಕಾಣುತ್ತಿತ್ತು. ಆ ಕಾಲಿನ ಒಳಗೆ ಏನಾಗುತ್ತಿದೆ ಎಂಬುದು ಕಾಣುತ್ತಿರಲಿಲ್ಲ. ಅಪ್ಪ ಹೇಗೆ ಸೀನುತ್ತಾರೆ, ತೆಲುಗಿನ ಹಾಲಿನವನ ಮೇಲೆ ಹೇಗೆ ಕನ್ನಡದಲ್ಲಿ ಸಿಟ್ಟಾಗುತ್ತಾರೆ, ನಿದ್ದೆ ಬಂದಿಲ್ಲವೆಂದು ವಾದಿಸುತ್ತ ಹೇಗೆ ಗೊರಕೆ ಹೊಡೆಯುತ್ತಾರೆ ಎಲ್ಲ ಅವನ ಗಂಟಲಲ್ಲಿತ್ತು. ಜುಮ್ ಎನ್ನುವುದಕ್ಕೆ ಸದ್ದಿಲ್ಲ. ಸದ್ದಿಲ್ಲದ್ದನ್ನು ಅವನು ಕಲಿತಿರಲಿಲ್ಲ. ಇಲ್ಲ ಎಂದುಬಿಡುವುದು ಬಾಯಿ ತುದಿಗೆ ಬಂದಿತ್ತು. ಹಾಗೆಂದುಬಿಟ್ಟರೆ ಆ ಎರಡು ಅಕ್ಷರದ ಮೇಲೆ ಗುಳಿಗೆ ಏರುತ್ತದೆ, ಅದನ್ನು ನುಂಗುವ ಬಾಯಿ ಬೇರೆ.

ಒಂದು ನಿಮಿಷ ಎಂದು ತನ್ನದೇ ದನಿಯಲ್ಲಿ ಹೇಳಿದ. ಫೋನಿನ ಮೇಲೆ ಅಂಗೈ ಒತ್ತಿಕೊಂಡು ನೇರ ಬಾಲ್ಕನಿಗೆ ನಡೆದ. ಅಂಬುಬಾಯಿ ಕಣ್ಣಲ್ಲೇ ಬೇಡ ಎಂದರೂ ನಿಲ್ಲಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿಬಿಟ್ಟ. ಮೊದಲ ಫೋನು, ದನಿ, ಗುಳಿಗೆ ಬಂದದ್ದು ಹೇಗೆ, ಈಗ ಡಾಕ್ಟರು ಏನು ಕೇಳುತ್ತಿದ್ದಾರೆ, ಬಲಗಡೆಯ ಕಿಡ್ನಿಯ ಬಗ್ಗೆ ಹಳೆಯ ಡಾಕ್ಟರು ಹೇಳಿದ್ದೇನು. ಕೊನೆಯದನ್ನು ಹೇಳುವಾಗ ಗಂಟಲು ಯಾರದೂ ಆಗಿರಲಿಲ್ಲ.

ಮಲ್ಲಿಕಾರ್ಜುನರು ಬಾಯಲ್ಲಿದ್ದುದನ್ನು ಅಗಿಯುತ್ತ ಪೂರ್ತಿ ಕೇಳಿದರು. ಆಮೇಲೆ ಮಗನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು.

"ಮಾಡು ನೋಡೋಣ, ನಾ ಹೆಂಗ ಮಾತಾಡ್ತೀನಿ."

ವಿಶ್ವಜಿತ್ ಮಾಡಿದ. ಎರಡು ಕಿಕ್, ಹಾಂ ಹೇಳ್ರಿ.

"ಕೆಮ್ಮು ಜಾಸ್ತಿ ಆತು, ತಮ್ಮಾ. ನಾ ಏನ್ ಟಿಬಿ ಪೇಷಂಟ್ ಏನು? ಕೊಡಿಲ್ಲಿ ಫೋನು."

ಶಪಥ ಮುರಿದದ್ದು ಯಾವ ಸದ್ದೂ ಇಲ್ಲದೆ. ಫೋನನ್ನು ಕಿವಿಗಿಟ್ಟುಕೊಂಡು, ನಾನು ಮಲ್ಲಿಕಾರ್ಜುನ ಎಂದರು. ಆ ಕಡೆಯಿಂದ ಡಾಕ್ಟರು ಬಹಳ ಸೌಜನ್ಯದಿಂದ, ನೀವು ಯಾರೋ ಗೊತ್ತಾಗಲಿಲ್ಲ, ದಯವಿಟ್ಟು ಮಲ್ಲಿಕಾರ್ಜುನ ಅವರಿಗೆ ಕೊಡಿ ಎಂದರು. ಮಲ್ಲಿಕಾರ್ಜುನರು ತಾವೇ ಅವರೆಂದರು. ಇಲ್ಲ, ಅವರ ದನಿ ನನಗೆ ಚೆನ್ನಾಗಿ ಗೊತ್ತು, ಅವರು ಕೆಮ್ಮುತ್ತಾರೆ ಎಂದರು ಡಾಕ್ಟರು. ಇಷ್ಟು ವರ್ಷ ಇಲಾಖೆಯಲ್ಲಿ ಒಂದು ಫೋನಿಗೆ ನಾಲ್ಕು ಊರಿನ ಕರೆಂಟು ತೆಗೆಸಿದ ಮನುಷ್ಯನಿಗೆ ತನ್ನ ಮನೆಯ ಬಾಲ್ಕನಿಯಲ್ಲಿ ತಾನು ತಾನೆಂದು ಸಾಧಿಸಲಾಗದ ಸ್ಥಿತಿ ಬಂತು. ಮುಖ ಕೆಂಪಾಯಿತು. ಅಂಬುಬಾಯಿ ಇನ್ನೇನು ಬೈಗುಳ ಬಂತು ಎಂದುಕೊಂಡು ಸೆರಗು ಸಿದ್ಧಮಾಡಿಕೊಂಡರು.

ಬೈಗುಳ ಬರಲಿಲ್ಲ. ಮಲ್ಲಿಕಾರ್ಜುನರು ಬೆನ್ನು ನೆಟ್ಟಗೆ ಮಾಡಿ ಕಣ್ಣು ಮುಚ್ಚಿದರು. ಅವರ ಬಾಯಿಂದ ವಿಶ್ವಜಿತ್ ಹೊರಗೆ ಬಂದ. ಅದೇ ಎಣ್ಣೆ ಹಚ್ಚಿದ ದನಿ, ಅದೇ ವಿಮಾನ ನಿಲ್ದಾಣದ ಇಳಿಜಾರು.

"ಪ್ರಯಾಣಿಕರ ಗಮನಕ್ಕೆ. ಲಿಂಗಸುಗೂರಿನಿಂದ ಬಂದ ಮಲ್ಲಿಕಾರ್ಜುನ ಅವರು ಅನಿವಾರ್ಯ ಕಾರಣಗಳಿಂದ ತಡವಾಗಿದ್ದಾರೆ. ಆಗಿರುವ ಅನಾನುಕೂಲಕ್ಕೆ ಅವರ ಮಗನೇ ಜವಾಬ್ದಾರ."

ಅಂಬುಬಾಯಿಯ ತೌರಿನ ವಾದ ಆ ಗಳಿಗೆಯಲ್ಲಿ ಕುಸಿಯಿತು. ಫೋನಿನಲ್ಲಿ ಮೊದಲು ನಗು ಕೇಳಿಸಿತು. ಇಷ್ಟು ದಿನ ತಮ್ಮ ದನಿಯಲ್ಲಿ ಮಾತಾಡಿದ್ದು ಮಗ ಎಂದು ಮಲ್ಲಿಕಾರ್ಜುನರು ಬಿಡಿಸಿ ಹೇಳಿದರು. ನಗು ನಿಂತ ಮೇಲೆ ಡಾಕ್ಟರು ಮಗನಿಗೂ ಕೇಳುವಂತೆ ಸ್ಪೀಕರ್ ಹಾಕಿಸಿದರು. ಆಮೇಲಿನದು ನಗುವಾಗಿರಲಿಲ್ಲ.

"ವಿಶ್ವಜಿತ್, ನಾನು ನಿಮ್ಮ ದನಿಗೆ ಮಾತ್ರೆ ಬರೆದೆ, ಅದು ಅವರ ಹೊಟ್ಟೆಗೆ ಹೋಯ್ತು. ಇವತ್ತು ನೀವು ಜುಮ್ ಅನ್ನಲ್ಲ ಅಂತ ಹೇಳಿದ್ದಿದ್ರೆ ನಾನು ನಂಬ್ತಿದ್ದೆ. ಡೋಸೂ ಏರಿಸ್ತಿದ್ದೆ."

ಅವನು ಹೂಂ ಎಂದ. ಅವನದೇ ಹೂಂ.

ಡಾಕ್ಟರು ಎಲ್ಲವನ್ನೂ ಮೊದಲಿನಿಂದ ಕೇಳಿದರು, ಮಲ್ಲಿಕಾರ್ಜುನರು ಕಂತಿನ ಮೇಲೆ ಉತ್ತರ ಕೊಟ್ಟರು. ಕಾಲು ಜುಮ್ ಎನ್ನುವುದು ಹೌದು. ಎಡಗಾಲಿನ ಹೆಬ್ಬೆರಳು, ಈಚೆಗೆ ಬಲದ್ದೂ. ಚಪ್ಪಲಿ ಕಾಲಲ್ಲಿದೆಯೋ ಇಲ್ಲವೋ ಎಂದು ಒಮ್ಮೊಮ್ಮೆ ಬಗ್ಗಿ ನೋಡಬೇಕಾಗುತ್ತದೆ. ಯಾರಿಗೂ ಹೇಳಿಲ್ಲ, ಯಾರೂ ಕೇಳಿಲ್ಲ. ವಿಶ್ವಜಿತ್ ಆ ಸ್ಟೂಲಿನ ಮೇಲಿನ ಕಾಲನ್ನು ನೋಡಿದ, ಆಮೇಲೆ ನೆಲ ನೋಡಿದ. ಬೇರೆ ಮಾತ್ರೆ ಯಾವುದಾದರೂ ಇದೆಯೇ ಎಂಬ ಪ್ರಶ್ನೆ ಬಂತು. ಬೀಪೀದು ಬಿಟ್ಟರೆ ಏನೂ ಇಲ್ಲ ಎಂದರು ಅಪ್ಪ, ಮಗ ಹೇಳಿದ ಹಾಗೆಯೇ, ಅಷ್ಟೇ ಧೈರ್ಯದಿಂದ. ಆದರೆ ಮಲ್ಲಿಕಾರ್ಜುನರಿಗೆ ಕಲಾವಿದನ ಶಿಸ್ತು ಇರಲಿಲ್ಲ. ಅವರು ಅಗಿಯುತ್ತಲೇ ಮಾತಾಡುತ್ತಿದ್ದರು.

"ಏನೋ ಅಗೀತಾ ಇದ್ದೀರಲ್ಲ, ಅಡಿಕೆನಾ?"

"ಛೇ ಛೇ, ಅಡಿಕಿ ಬಿಟ್ಟು ಭಾಳ ದಿನಾ ಆತ್ರಿ ಡಾಕ್ಟರ್ ಬಾಯಾರ. ಇದು ಆರೆಂಜ್."

"ಹಣ್ಣಾ?"

"ಹಣ್ಣಲ್ರಿ. ಚಂಚ್ಯಾಗ ಇಟ್ಟೀನಿ. ವಿಟಮಿನ್ ಸಿ."

ಎಷ್ಟು ತಿನ್ನುತ್ತೀರಿ ಎಂದು ಡಾಕ್ಟರು ಕೇಳಿದರು. ಮಲ್ಲಿಕಾರ್ಜುನರು ಊಟದ್ದು, ಚಹಾದ್ದು, ಬಂದವರದು, ಬಿ ಆದ ಮೇಲಿನದು ಎಂದು ಹೇಳುತ್ತ ಹೋದರು, ಹೇಳುತ್ತ ಹೇಳುತ್ತ ಅವರ ದನಿ ತಾನಾಗಿಯೇ ಸಣ್ಣದಾಯಿತು. ಡಾಕ್ಟರು ಬಿಡಿಸಿ ಹೇಳಿದರು. ಹಣ್ಣಿನಲ್ಲಿರುವ ಸಿ ಬೇರೆ ಮಾತು, ಆದರೆ ಗುಳಿಗೆಯಿಂದ ಇಷ್ಟೊಂದು ಒಳಗೆ ಹೋದರೆ ದೇಹ ಅದರ ಒಂದು ಪಾಲನ್ನು ಆಕ್ಸಲೇಟ್ ಮಾಡಿಯೇ ಹೊರಗೆ ಹಾಕುತ್ತದೆ. ಒಂದು ವಿಟಮಿನ್ನಿನಿಂದ ಇಳಿಸಲು ಹೊರಟದ್ದನ್ನು ಇನ್ನೊಂದು ವಿಟಮಿನ್ನಿನಿಂದ ತುಂಬುತ್ತ ಕೂತಿದ್ದೀರಿ. ಇವತ್ತಿನಿಂದ ಸಿ ಬಂದ್. ಬಿ-ಆರು ಸದ್ಯಕ್ಕೆ ನಿಲ್ಲಲಿ, ಜುಮ್ ಯಾಕೆಂದು ನೋಡದೆ ಮುಂದುವರಿಸುವುದು ಬೇಡ. ನೀವು ಖುದ್ದಾಗಿ ಬರಬೇಕು.

ಖುದ್ದಾಗಿ ಎಂದೊಡನೆ ಆ ನಿಲುವಂಗಿಯ ನೆನಪು ಮಲ್ಲಿಕಾರ್ಜುನರ ಮುಖದ ಮೇಲೆ ಹಾದುಹೋದದ್ದನ್ನು ತಾಯಿ ಮಗ ಇಬ್ಬರೂ ಕಂಡರು.

"ಬರ್ತೀನ್ರಿ," ಎಂದರು ಅವರು. "ನಾನು ಅಂದ್ರ ನಾನ ಅಂತ ತೋರಸಾಕರ ಬರಬೇಕಲ್ಲ."

ಹೋದರು. ಪ್ಯಾಂಟಿನ ಮೇಲೆ ಪ್ಯಾಂಟು ಹಾಕಿಕೊಂಡು ಹೋಗಿದ್ದರೆಂದು ಅಂಬುಬಾಯಿ ಈಗಲೂ ಹೇಳುತ್ತಾರೆ, ಅದು ಅವರ ಮಸಾಲೆ ಇರಬಹುದು. ರಕ್ತಪರೀಕ್ಷೆಯಲ್ಲಿ ಜುಮ್ ಎನ್ನುವುದರ ಮೂಲ ಸಿಕ್ಕಿತು. ಬಿ-ಹನ್ನೆರಡು ಕಡಿಮೆ ಇತ್ತು. ಹೆಚ್ಚಾದದ್ದೂ ವಿಟಮಿನ್ನೇ, ಕೊರತೆಯಾದದ್ದೂ ವಿಟಮಿನ್ನೇ ಎಂದು ತಿಳಿದ ದಿನ ಮಲ್ಲಿಕಾರ್ಜುನರು, ಇವು ಅಕ್ಷರಮಾಲೆ ಅಲ್ಲ, ಅಣ್ಣತಮ್ಮಂದಿರ ಆಸ್ತಿ ಜಗಳ ಎಂದು ತೀರ್ಪು ಕೊಟ್ಟರು. ಬಿ-ಹನ್ನೆರಡರ ಚುಚ್ಚುಮದ್ದು ಶುರುವಾಯಿತು. ಕಾಲಿಗೆ ಚಪ್ಪಲಿಯ ಅರಿವು ಮರಳಿದ ಮೇಲೆ ಬಿ-ಆರನ್ನೂ ಡಾಕ್ಟರು ಮೊದಲಿನಷ್ಟೇ ಸಣ್ಣ ಪ್ರಮಾಣದಲ್ಲಿ ಮತ್ತೆ ಕೊಟ್ಟರು. ವಿಶ್ವಜಿತ್ ಶಂಶಾಬಾದಿನಿಂದ ಒಂದು ದೊಡ್ಡ ನೀರಿನ ಬಾಟಲಿ ತಂದು ಅಪ್ಪನ ಕುರ್ಚಿಯ ಪಕ್ಕದಲ್ಲಿಟ್ಟ. ಅದು ಖಾಲಿಯಾಯಿತೇ ಎಂದು ದಿನವೂ ಕೇಳುತ್ತಿದ್ದ, ಕೇಳಿ ಉತ್ತರಕ್ಕೆ ಕಾಯುತ್ತಿದ್ದ. ಕಾಯುವುದು ಅವನಿಗೆ ಹೊಸದು.

ಕಷ್ಟವಾದದ್ದು ಚಂಚಿಯ ವಿಷಯ. ಎರಡನೆಯ ಸಲ ಅದು ಬರಿದಾಗಿತ್ತು. ಅದರಲ್ಲಿ ನೀರು ತುಂಬಲು ಬರುತ್ತದೇನು ಎಂದು ಮಲ್ಲಿಕಾರ್ಜುನರು ಎರಡು ದಿನ ಸಿಡಿಮಿಡಿಗೊಂಡರು. ಮೂರನೆಯ ದಿನ ಒಬ್ಬರೇ ಬೇಗಂ ಬಜಾರಿಗೆ ಹೋಗಿ ಹುರಿದ ಬಡೇಸೋಪು ತಂದರು. ತಂದದ್ದನ್ನು ಚಂಚಿಗೆ ಹಾಕುವ ಮೊದಲು ಅವರಾಗಿಯೇ ಆಸ್ಪತ್ರೆಗೆ ಫೋನ್ ಮಾಡಿ, ಇದು ನಡೆಯುತ್ತದೆಯೇ ಎಂದು ಕೇಳಿದರು. ಊಟವಾದ ಮೇಲೆ ಒಂದು ಚಿಟಿಕೆ ನಡೆಯುತ್ತದೆ ಎಂಬ ಒಪ್ಪಿಗೆ ಬಂತು.

ಆಮೇಲಿನ ಕ್ಯಾನಿನ ಫಲಿತಾಂಶ ಬಂದ ದಿನ ಮಲ್ಲಿಕಾರ್ಜುನರು ಬಾಲ್ಕನಿಯಲ್ಲಿ, ವಿಶ್ವಜಿತ್ ಸ್ಟೂಲಿನ ಮೇಲೆ, ಇಬ್ಬರ ಬಾಯಲ್ಲೂ ಬಡೇಸೋಪು. ಫೋನ್ ಬಂತು. ಅದು ವಿಶ್ವಜಿತ್‌ನ ಕೈಯಲ್ಲೇ ಇತ್ತು. ಹೆಸರು ನೋಡಿದ ಕೂಡಲೇ ಗಂಟಲು ಅಭ್ಯಾಸದಿಂದ ತಾನಾಗಿ ತಯಾರಾಯಿತು, ಮೊದಲ ಕಿಕ್ ಬಿದ್ದೇಬಿಟ್ಟಿತು. ಮಲ್ಲಿಕಾರ್ಜುನರು ಕೈ ಚಾಚಿ ಫೋನ್ ಕಸಿದುಕೊಂಡರು.

ಆಕ್ಸಲೇಟ್ ಇಳಿದಿದೆ ಎಂದರು ಡಾಕ್ಟರ್ ಶ್ರೀವಿದ್ಯಾ; ಇರಬೇಕಾದಲ್ಲಿಗೇ ಬಂದಿದೆ, ಸ್ಕ್ಯಾನಿನಲ್ಲಿ ಹೊಸ ಕಲ್ಲಿಲ್ಲ, ಬಲಗಡೆಯದು ಆರಾಮಾಗಿದೆ. ಆಮೇಲೆ, ಕ್ಷಮಿಸಿ, ಒಂದು ಅನುಮಾನ, ಈಗ ಕೆಮ್ಮಿದ್ದು ಯಾರು, ಮಾತಾಡುತ್ತಿರುವವರು ಯಾರು ಎಂದರು.

ವಿಶ್ವಜಿತ್ ಏನೋ ಹೇಳಲು ಬಾಯಿ ತೆರೆದ. ಮಲ್ಲಿಕಾರ್ಜುನರು ಅವನ ಅಂಗೈಗೆ ಒಂದು ಚಿಟಿಕೆ ಬಡೇಸೋಪು ಹಾಕಿ, ಬಾಯಿಗೆ ಹಾಕಿಕೊ ಎಂದು ಸನ್ನೆ ಮಾಡಿದರು.

"ಕೆಮ್ಮಿದಾಂವ ನಮ್ಮ ಹುಡುಗ ರೀ," ಎಂದರು ಫೋನಿಗೆ. "ಈಗ ಖುದ್ದ ನಾನ ಮಾತಾಡಾಕತ್ತೀನಿ. ಕೇಳ್ರಿ, ಏನೇನ್ ಕೇಳೂದೈತಿ."